ಎರಡು ಬೆರಳು ಸಡಿಲ

ಏಪ್ರಿಲ್ ತಿಂಗಳು. ಗೋಕುಲ ರೋಡಿನ ಪತ್ರಾಸ ಶೆಡ್ಡುಗಳ ಮ್ಯಾಲ
ಕುಂತ ಬಿಸಲು ಎದ್ದು ಹೋಗವಲ್ದು.
ನಮ್ಮ ಆಫೀಸಿನ ಫ್ಯಾನು
ಬಿಸಿ ಗಾಳಿನ್ನ ಒಂದು ಮೂಲಿಯಿಂದ ಇನ್ನೊಂದು ಮೂಲಿಗೆ ಒಗಿತೈತಿ.
ನಾ ದ್ರಾಸಿನ ಥಂಡಿ ಅಳಿಯಾಕತ್ತೀನಿ.

ಹುಡುಗೇರ ಹಾಸ್ಟೆಲ್ಲು. ಎರಡು ಅಂತಸ್ತು, ಅರವತ್ತೆರಡು ಮಂಚ.
ಒಳಗ ಇಪ್ಪತ್ತು ಬೇಕು, ಹೊರಗ ಮೈನಸ್ ಇಪ್ಪತ್ತಾರು.
ನಡುವ ನಲವತ್ತಾರು ಡಿಗ್ರಿ,
ಅದನ್ನ ತಡಿಯಾಕ ಒಂದು ಗ್ವಾಡಿ.
ಹಿಮ ನಾ ಕಣ್ಣಾರೆ ನೋಡಿಲ್ಲ. ನೋಡಿದ್ದಂದ್ರ
ಫ್ರಿಜ್ಜಿನ ಮ್ಯಾಲಿನ ಖಾನೇದಾಗ ಗಟ್ಟಿ ಆಗಿ ಕುಂತಿದ್ದು,
ಅವ್ವ ಚಮಚಾದಿಂದ ಕೆದರಿ ಕೆದರಿ ಒಗಿತಾಳಲ್ಲ, ಅಷ್ಟ.

ಆದ್ರ ಶಾಖ ಹ್ಯಾಂಗ ಓಡಿ ಹೋಗತೈತಿ ಅನ್ನೂದು ಗೊತ್ತು.
ಜೋಡಿ ಗಾಜಿನ ಕಿಡಕಿ ಹಚ್ಚಿದ್ರೂ
ಚೌಕಟ್ಟಿನ ಸಂದಿ ಹುಡುಕ್ಕೊಂಡು ಹೋಗತೈತಿ,
ಮಾಳಗಿ ಹತ್ತಿ ಹೋಗತೈತಿ,
ಯಾರೋ ಒಬ್ಬಾಕಿ ಬಕೀಟು ಹಿಡಕೊಂಡು ಬಾಗಲಾ ತಗದಾಗ
ಆಕಿಗಿಂತ ಮೊದಲ ಹೊರಗ ಬಿದ್ದಿರತೈತಿ.
ಎಲ್ಲಾ ಕೂಡಿಸಿದೆ. ನಲವತ್ತೆಂಟು ಕಿಲೋವಾಟ್.

"ಅರವತ್ತು ಬರೀರಿ" ಅಂದ್ರು ಹಂಚಿನಮನಿ ಸರ್,
"ನಾಳೆ ಥಂಡಿ ಆತು ಅಂತ ಫೋನ್ ಬಂದ್ರ
ಯಾರು ಎತ್ತವರು?"

ದುರ್ಗದಬೈಲಿನ ಸಂದಿಯೊಳಗ ನಮ್ಮಪ್ಪ ವಿಠೋಬಾ ಪಿಸೆ
ನಲವತ್ತು ವರ್ಷ ಅಂಗಿ ಹೊಲದಾನ.
ಟೇಪು ಹಿಡದು, ಆಮ್ಯಾಲ ಟೇಪಿನೊಳಗ
ತನ್ನ ಎರಡು ಬೆರಳು ತುರುಕುತಿದ್ದ.
"ಎರಡು ಬೆರಳು ಸಡಿಲ ಇದ್ರ ಮೈಗೆ ಆರಾಮು,
ಮೂರಾದ್ರ ಗಾಳಿ ಹೊಕ್ಕತೈತಿ.
ಬೆಳಿಯೂ ಹುಡುಗಂದಾದ್ರ ಹೊಲಗಿ ಒಳಗ ಬಟ್ಟಿ ಬಿಡು,
ಹೊರಗ ಕಾಣಬಾರದು."

ಅಳತಿಗಿಂತ ದೊಡ್ಡ ಬಾಯ್ಲರು ಹೊತ್ತಿಕೊಳ್ಳತೈತಿ, ಆರತೈತಿ,
ಮತ್ತ ಹೊತ್ತಿಕೊಳ್ಳತೈತಿ, ಮತ್ತ ಆರತೈತಿ,
ನಿದ್ದಿ ಬರದ ಮುದುಕನ್ಹಂಗ ರಾತ್ರಿಯೆಲ್ಲಾ ಎದ್ದು ಕುಂತು
ತನ್ನ ಆಯುಷ್ಯ ತಾನ ತಿಂತೈತಿ.
ಇದನ್ನ ಸರ್‌ಗೆ ಹೇಳಿದೆ.
"ಅಂಜಿಕಿಗೆ ಕೂಡಿಸೂದು ಬ್ಯಾಡ್ರಿ" ಅಂದೆ.

ಹೇಳಿ ಬಂದು ಕುಂತ ಮ್ಯಾಲ ನೆನಪಾತು:
ದ್ರಾಸು ಸಮುದ್ರಕ್ಕಿಂತ ಹತ್ತು ಸಾವಿರ ಫೂಟಿನ ಮ್ಯಾಲ ಐತಿ.
ಅಲ್ಲೆ ಗಾಳಿ ತೆಳ್ಳಗ,
ಅಲ್ಲೆ ಬೆಂಕಿಗೂ ಉಸಿರು ಕಮ್ಮಿ.
ಇಲ್ಲೆ ನೂರು ಕೊಡೂ ಬರ್ನರು ಅಲ್ಲೆ ಎಪ್ಪತ್ತು ಕೊಟ್ರ ಪುಣ್ಯಾ.
ಮತ್ತ ಹೋದೆ. "ಸರ್, ಎಪ್ಪತ್ತರ ಮಶೀನು ಬೇಕ್ರಿ."
ಅವರು ಚಷ್ಮಾ ತಗದು ಟೇಬಲ್ ಮ್ಯಾಲ ಇಟ್ಟು
ಭಾಳ ಹೊತ್ತು ನಕ್ಕರು.
"ಅರವತ್ತು ಜಾಸ್ತಿ ಅಂತ ಜಗಳಾ ತಗದಾಕಿ ನೀನ ಏನವಾ?"

ನಕ್ಷಾದಾಗ ಪೈಪಿನ ತುದಿಗೆ ಒಂದು ಮುಚ್ಚಿದ ಬಾಯಿ ಇಟ್ಟೆ.
ಮುಂದೊಮ್ಮೆ ಖೋಲಿ ಕಟ್ಟಿದ್ರ ಜೋಡಿಸಾಕ.
ಅದಕ್ಕ ಯಾರೂ ಹೆಸರು ಕೇಳಲಿಲ್ಲ.
ನಾ ಮನಸಿನಾಗ ಕರದೆ: ಅಪ್ಪನ ಹೊಲಗಿ.

ಇನ್ನೊಂದು ಲೆಕ್ಕ ಉಳೀತು, ಅದು ಕಾಗದಕ್ಕ ಬರಂಗಿಲ್ಲ.
ಮಲಗಿದ ಹುಡುಗಿ ಅಂದಾಜು ಎಪ್ಪತ್ತು ವಾಟ್.
ಅರವತ್ತೆರಡು ಮಂದಿ ಕೂಡಿದ್ರ ನಾಕು ಕಿಲೋವಾಟಿನ ಮ್ಯಾಲ ಆತು.
ಆದ್ರ ಕಾಯಿಸೂ ಲೆಕ್ಕದಾಗ ಮನಶ್ಯಾರನ್ನ ಹಿಡಿಯಂಗಿಲ್ಲ.
ಸೂಟಿ ಇರಬಹುದು, ಮಂಚ ಖಾಲಿ ಇರಬಹುದು,
ನಸಕಿನ ನಾಕರ ಥಂಡಿಗೆ
ಖಾಲಿ ಮನಿನೂ ತಡೀಬೇಕು.
ಪೆನ್ಸಿಲ್‌ಲೆ ಬರದಿದ್ದೆ. ಅಳಿಸಿದೆ.

ಎಲ್ಲಾಕ್ಕಿಂತ ಥಂಡಿ ರಾತ್ರಿಗೂ ಅಳತಿ ತಗೊಳ್ಳಂಗಿಲ್ಲ.
ನೂರು ತಾಸಿನೊಳಗ ಒಂದು ತಾಸು ಕೈ ಬಿಡೂದು ರೂಢಿ.
ರಾತ್ರಿ ಉಣ್ಣೂವಾಗ ಇದನ್ನ ಹೇಳಿದೆ.
ಅಪ್ಪ ರೊಟ್ಟಿ ಮುರಿಯೂದು ನಿಲ್ಲಿಸಿ ಕೇಳಿದ:
"ಆ ತಾಸಿನಾಗ ಹುಡುಗೇರು
ಏನು ಹೊಚ್ಚಿಕೊಳ್ತಾವು?"

ಎಕ್ಸೆಲ್‌ನ್ಯಾಗ ಆ ಕಾಲಮ್ಮು ಇಲ್ಲ.
ನಾಳೆ ದ್ರಾಸಿಗೆ ಫೋನ್ ಹಚ್ಚಬೇಕು,
ಬಾಯ್ಲರ್ ಖೋಲಿ ಬಾಗಲಾ ಅಗಲ ಎಷ್ಟು ಅಂತ ಕೇಳೂದೈತಿ ಹ್ಯಾಂಗೂ.